ಮಾಗೋಡಿಗೆ ಬರುವ ಮೊದಲೇ

ಪತ್ರಕರ್ತೆ: ಮಾಸ್ತರೇ, ಬೇಡ್ತಿ–ವರದಾ ನದಿ ಜೋಡಣೆಯ ಬಗ್ಗೆ ಒಂದು ಲೇಖನ ಬರೆಯಬೇಕಾಗಿದೆ. ಇಂಥ ಸಂದರ್ಭಕ್ಕೆಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಿದ್ಧವಾಗಿ ಕೂತಿರುವ ಮಾತು ‘ವಾಟರ್‌ಶೆಡ್ ಮೊಮೆಂಟ್’. ನಮ್ಮ ಡೆಸ್ಕಿನಲ್ಲಿ ಅದು ‘ನಿರ್ಣಾಯಕ ಘಟ್ಟ’ ಆಗುತ್ತದೆ, ಒಮ್ಮೊಮ್ಮೆ ‘ಮಹತ್ವದ ತಿರುವು’, ಹುರುಪು ಏರಿದ ದಿನ ‘ಐತಿಹಾಸಿಕ ಕ್ಷಣ’. ಮೂರಕ್ಕೂ ಅರ್ಥ ಒಂದೇ ಎಂದುಕೊಂಡು ಬಳಸುವವರೇ ಎಲ್ಲರೂ. ಆದರೆ ನದಿಯ ಮೇಲಿನ ಲೇಖನದಲ್ಲೇ ನೀರಿನ ಈ ಮಾತು ಬಂದು ನಿಂತರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಹಳಿಯಾಳದ ರೈತರ ಬಾಯಲ್ಲಿ ವಾಟರ್‌ಶೆಡ್ ಅಂದರೆ ಸರಕಾರದ ಸ್ಕೀಮು: ಬದು ಹಾಕಿಸುವುದು, ಕೃಷಿ ಹೊಂಡ ತೋಡಿಸುವುದು. ಇಲಾಖೆಯ ಬೋರ್ಡಿನಲ್ಲಿ ಅದೇ ‘ಜಲಾನಯನ’. ಕೃಷಿ ಹೊಂಡಕ್ಕೂ ಇತಿಹಾಸದ ನಿರ್ಣಾಯಕ ಗಳಿಗೆಗೂ ಏನು ನಂಟು?

ಮಾಸ್ತರು: ನಂಟು ಇದೆ ತಂಗೀ, ಆದರೆ ಬೋರ್ಡು ಬರೆಸಿದವರು ಆ ಮಾತಿನ ಇನ್ನೊಂದು ಅರ್ಥ ಹಿಡಿದಿದ್ದಾರೆ. ಒಂದು ಹಳ್ಳಕ್ಕೆ ಬಂದು ಸೇರುವ ನೀರಿನ ಇಡೀ ಪ್ರದೇಶಕ್ಕೆ ಅಮೆರಿಕದವರು ವಾಟರ್‌ಶೆಡ್ ಎನ್ನುತ್ತಾರೆ. ನಮ್ಮ ಇಲಾಖೆಯ ಯೋಜನೆಗಳೂ ಆ ದಾರಿಯವೇ. ಬ್ರಿಟನ್ನಿನ ಹಳೆಯ ಬಳಕೆಯಲ್ಲಿ ಅದು ಪ್ರದೇಶದ ಹೆಸರಲ್ಲ, ಎರಡು ಪ್ರದೇಶಗಳ ನಡುವಿನ ಗೆರೆಯ ಹೆಸರು, ನೆಲದ ಬೈತಲೆ ಅನ್ನು. ಆ ಗೆರೆಯ ಈಚೆ ಬಿದ್ದ ಹನಿ ಒಂದು ಸಮುದ್ರಕ್ಕೆ, ಆಚೆ ಬಿದ್ದದ್ದು ಇನ್ನೊಂದಕ್ಕೆ. ನಿರ್ಣಾಯಕ ಗಳಿಗೆಯನ್ನು ಸೂಚಿಸುವ ನುಡಿಗಟ್ಟು ಹುಟ್ಟಿದ್ದು ಈ ಗೆರೆಯಿಂದ. ಯಾವುದೋ ಒಂದು ಘಟನೆಯ ಹಿಂದಿನ ಕಾಲ ಒಂದು ಕಡೆ ಹರಿಯಿತು, ಮುಂದಿನದು ಇನ್ನೊಂದು ಕಡೆ ಎನ್ನುವುದು ಅದರ ತಾತ್ಪರ್ಯ. ಇಷ್ಟನ್ನು ಯಾವ ನಿಘಂಟೂ ಹೇಳುತ್ತದೆ. ಆದರೆ ಆ ಗೆರೆ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡದೆ ಮಾತನ್ನು ಮಾತ್ರ ಎತ್ತಿಕೊಂಡಿದ್ದೇವೆ. ನೋಡಲಿಕ್ಕೆ ದೂರ ಹೋಗಬೇಕಾಗಿಯೂ ಇಲ್ಲ, ಮುಂಡಗೋಡ ಸಾಕು.

ಪತ್ರಕರ್ತೆ: ಮುಂಡಗೋಡ ಯಾಕೆ? ಘಟ್ಟದ ಅಂಚು ಇರುವುದು ಜೋಯಿಡಾದ ಅಣಶಿಯ ಕಡೆ, ಯಲ್ಲಾಪುರದ ಅರಬೈಲಿನ ಕಡೆ. ನೀರು ಬೇರೆಯಾಗುವುದು ಘಟ್ಟದ ನೆತ್ತಿಯಲ್ಲೇ ಅಲ್ಲವೇ? ಮುಂಡಗೋಡ ನೋಡಿದರೆ ಹೆಚ್ಚುಕಡಿಮೆ ಬಯಲುಸೀಮೆಯ ಬಾಗಿಲು.

ಮಾಸ್ತರು: ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ, ಎಡವುವುದೂ ಅಲ್ಲಿಯೇ. ಕೊಡಗಿನಲ್ಲಿ ನಿನ್ನ ಮಾತು ನಡೆಯುತ್ತದೆ. ಕಾವೇರಿ ಘಟ್ಟದ ನೆತ್ತಿಯಲ್ಲಿ ಹುಟ್ಟಿ ಪೂರ್ವಕ್ಕೆ ಹೋಗುತ್ತಾಳೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಗಿಲ್ಲ. ಇಲ್ಲಿಯ ನದಿಗಳು ಘಟ್ಟವನ್ನು ಸೀಳಿ ಹಿಂದಕ್ಕೆ, ಪೂರ್ವದ ಮೈದಾನದವರೆಗೆ ಕೈ ಚಾಚಿವೆ. ಬೇಡ್ತಿಯ ಮೂಲ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ. ಕಲಘಟಗಿಯ ಕಡೆಯಿಂದ ಬೇಡ್ತಿ ಎನ್ನಿಸಿಕೊಂಡು, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ಧಾರವಾಡದಿಂದ ತುಸು ದೂರದ ಹುಬ್ಬಳ್ಳಿಯ ನೀರು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಈ ಎರಡು ಊರುಗಳ ನಡುವೆ ದಿನವೂ ಓಡಾಡುವವರಿಗೆ ದಾರಿಯಲ್ಲಿ ಪರ್ವತ ಹತ್ತಿಳಿದ ನೆನಪು ಇರಲಿಕ್ಕಿಲ್ಲ. ಮುಂಡಗೋಡ ತಾಲ್ಲೂಕಿನಲ್ಲೂ ಹೀಗೇ. ಒಂದು ಭಾಗದ ಹಳ್ಳಗಳು ಬೇಡ್ತಿಗೆ ಸೇರುತ್ತವೆ. ಮಳಗಿಯ ಧರ್ಮಾ ಜಲಾಶಯದ ನೀರು ಹಾನಗಲ್ಲಿನ ಕಡೆ ಹೋಗಿ ವರದೆಯನ್ನು ಕೂಡಿಕೊಂಡು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಒಂದೇ ತಾಲ್ಲೂಕು, ಒಂದೇ ಮಳೆ, ಒಂದೇ ಭತ್ತದ ಗದ್ದೆ. ನೀರಿಗೆ ಮಾತ್ರ ಎರಡು ಸಮುದ್ರ. ಹಾಗಾಗಿ ನೋಡುವವರ ಎದೆ ಝಲ್ಲೆನ್ನಿಸುವ ಮಾಗೋಡಿನಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಅಲ್ಲಿ ಬೇಡ್ತಿ ನೂರಾರು ಅಡಿ ಬೀಳುತ್ತದೆ ನಿಜ, ಆದರೆ ಪಶ್ಚಿಮಕ್ಕೆ ಹೋಗಬೇಕು ಎನ್ನುವುದು ಎಷ್ಟೋ ಹರದಾರಿ ಹಿಂದೆ, ಯಾರೂ ನಿಂತು ನೋಡದ ಹೊಲದಲ್ಲಿ ಆಗಿಹೋದ ಮಾತು. ಕಾಳಿಯದು ಇನ್ನೂ ತಮಾಷೆ. ಜೋಯಿಡಾದ ಡಿಗ್ಗಿಯ ಕಡೆ, ಗೋವೆಯ ಗಡಿಗೆ ಹತ್ತಿರ ಹುಟ್ಟಿ, ಸೂಪಾ ದಾಟಿ ದಾಂಡೇಲಿಯವರೆಗೆ ಪೂರ್ವದ ಕಡೆ ಹರಿಯುತ್ತದೆ. ದಾಂಡೇಲಿಯ ಸೇತುವೆ ಮೇಲೆ ನಿಂತ ಹೊಸಬರು ಈ ನದಿ ಧಾರವಾಡದ ಕಡೆ ಹೊರಟಿದೆ ಎಂದು ಪಣ ಕಟ್ಟಿದರೂ ಕಟ್ಟಿಯಾರು. ಅದು ಹೋಗಿ ಸೇರುವುದು ಕಾರವಾರದ ಕಡಲಿಗೆ.

ಪತ್ರಕರ್ತೆ: ನಿಮ್ಮ ಮಾತಿನ ಅರ್ಥ, ಪತ್ರಿಕೆಗಳು ಮಾಗೋಡನ್ನು ತೋರಿಸಿ ವಾಟರ್‌ಶೆಡ್ ಅನ್ನುತ್ತಿವೆ ಎಂದು.

ಮಾಸ್ತರು: ಅದೇ. ಸದ್ದು ಎಲ್ಲಿದೆಯೋ ಅಲ್ಲಿ ನಿರ್ಣಯವಾಯಿತು ಎಂದು ತಿಳಿಯುತ್ತೇವೆ. ಆ ನುಡಿಗಟ್ಟು ಹೇಳುವುದು ಇದಕ್ಕೆ ತದ್ವಿರುದ್ಧ. ನಿರ್ಣಯದ ಜಾಗದಲ್ಲಿ ಸದ್ದು ಇರುವುದಿಲ್ಲ, ಏರಿಳಿತದ ವ್ಯತ್ಯಾಸ ಅತ್ಯಲ್ಪ, ಅಲ್ಲಿ ನಿಂತವರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂದು ತಿಳಿಯುವುದಿಲ್ಲ. ಕೆಳಗೆ, ಬಹಳ ಕೆಳಗೆ ಇರುವವರು ನೀರಿನ ರುಚಿ ನೋಡಿ ಹಿಂದಕ್ಕೆ ಲೆಕ್ಕ ಹಾಕಬೇಕು. ಇದನ್ನು ‘ರೂಬಿಕಾನ್ ದಾಟುವುದು’ ಎನ್ನುವ ಇನ್ನೊಂದು ಮಾತಿನ ಜೊತೆ ಇಟ್ಟು ನೋಡು. ಅದೂ ನೀರಿನದೇ ಮಾತು. ಇಟಲಿಯ ಉತ್ತರದ ಗಡಿಯಲ್ಲಿದ್ದ ಸಣ್ಣ ಹೊಳೆ ಅದು. ಸೇನೆ ಸಮೇತ ದಾಟಿದರೆ ರೋಮಿನ ಮೇಲೆ ಯುದ್ಧ ಸಾರಿದಂತೆ ಎಂದು ಸೀಸರನಿಗೆ ಗೊತ್ತಿತ್ತು, ಗೊತ್ತಿದ್ದೇ ಕ್ರಿ.ಪೂ. 49ರಲ್ಲಿ ದಾಟಿದ. ರೂಬಿಕಾನಿಗೆ ದಾಟುವವನೊಬ್ಬ ಬೇಕು, ಅವನಿಗೆ ಅರಿವೂ ಬೇಕು. ವಾಟರ್‌ಶೆಡ್ಡಿಗೆ ಅರಿವು ಬೇಕಾಗಿಲ್ಲ, ಆಮೇಲೆ ನೋಡುವವರು ಬೇಕು. ಎರಡನ್ನೂ ‘ನಿರ್ಣಾಯಕ ಕ್ಷಣ’ದ ಒಂದೇ ಮೂಟೆಗೆ ತುಂಬಿದರೆ ಯಾರೋ ಬೇಕೆಂದೇ ಮಾಡಿದ್ದಕ್ಕೂ ಯಾರಿಗೂ ತಿಳಿಯದೆ ಆದದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಪತ್ರಕರ್ತೆ: ಭೂಗೋಳದಲ್ಲಿ ಚೆನ್ನಾಗಿದೆ. ಇತಿಹಾಸದಲ್ಲೂ ಹೀಗೇ ಎನ್ನಲಿಕ್ಕೆ ಸಾಕ್ಷಿ ಬೇಕಲ್ಲ. 1956ರ ನವೆಂಬರ್ 1ನ್ನು ತೆಗೆದುಕೊಳ್ಳಿ. ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದು ನಿರ್ಣಾಯಕ ದಿನ ಎಂದು ಅಂದೇ ಎಲ್ಲರಿಗೂ ಗೊತ್ತಿತ್ತು.

ಮಾಸ್ತರು: ದಿನಾಂಕ ಗೊತ್ತಿತ್ತು. ನಾನು ಅದಕ್ಕಿಂತ ಹಿಂದಿನ ಒಂದು ವರ್ಷದ ಕಡೆ ಕೈ ತೋರಿಸುತ್ತೇನೆ, 1862. ಮದ್ರಾಸ್ ಆಡಳಿತದಲ್ಲಿದ್ದ ಕೆನರಾ ಜಿಲ್ಲೆಯನ್ನು ಎರಡು ಮಾಡಿ, ಉತ್ತರದ ಭಾಗವನ್ನು ಆ ವರ್ಷ ಮುಂಬಯಿಗೆ ಸೇರಿಸಿದರು. ಕಾರಣ ನಮ್ಮ ಭಾಷೆಯೂ ಅಲ್ಲ, ನಮ್ಮ ಸುಖದುಃಖವೂ ಅಲ್ಲ, ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿ ಬೇಕಿತ್ತು, ಅದನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಲು ಬಂದರೂ ಬಯಲೂ ಒಂದೇ ಆಡಳಿತದಲ್ಲಿದ್ದರೆ ಅನುಕೂಲ. ಹಳಿಯಾಳದಲ್ಲಿ ಗದ್ದೆ ಊಳುತ್ತಿದ್ದವನಿಗೆ ಅಂದು ಬದಲಾದದ್ದೇನು? ಹೆಚ್ಚೇನೂ ಇಲ್ಲ. ಆದರೆ ಆ ಕಾಗದದ ಮೇಲಿನ ಗೆರೆಯಿಂದ ಉತ್ತರದವರು ತೊಂಬತ್ತು ನಾಲ್ಕು ವರ್ಷ ಮುಂಬಯಿಯ ಕಡೆ ಮುಖ ಮಾಡಿದರು, ದಕ್ಷಿಣದವರು ಮದ್ರಾಸಿನ ಕಡೆ. ಕಚೇರಿ, ಶಾಲೆ, ವ್ಯಾಪಾರ, ಮೇಲಿನ ಓದಿಗೆ ಹೋಗುವ ಊರು ಎಲ್ಲವೂ ಬೇರೆಯಾದವು. ಮುಂದೆ ಮಹಾರಾಷ್ಟ್ರ ಕಾರವಾರ, ಹಳಿಯಾಳ, ಸೂಪಾ ತನ್ನದೆಂದು ಕೇಳಿತಲ್ಲ, ಆ ವಾದಕ್ಕೂ ಈ ಹಳೆಯ ಇಳಿಜಾರಿನಿಂದ ಬಲ ಬಂತು. ನನ್ನ ಲೆಕ್ಕದಲ್ಲಿ 1862 ಗೆರೆ, 1956 ಮಾಗೋಡು.

ಪತ್ರಕರ್ತೆ: ಇದು ಅತಿಯಾಯಿತು ಮಾಸ್ತರೇ. 1862ರದು ಯಾರನ್ನೂ ಕೇಳದೆ ಮಾಡಿದ ಆದೇಶ. 1956ರದು ಜನ ಹೋರಾಡಿ ಪಡೆದದ್ದು. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದಾಗಿನಿಂದ ಎಷ್ಟು ಜನ ಇದಕ್ಕಾಗಿ ಬರೆದರು, ಜೈಲಿಗೆ ಹೋದರು. ನಿಮ್ಮ ಲೆಕ್ಕ ಹಿಡಿದರೆ ಅವರ ದುಡಿಮೆಯೆಲ್ಲ ಮಾಗೋಡಿನ ಸದ್ದು ಮಾತ್ರ. ಅಲ್ಲದೆ 1956 ಹೊಸ ಕಡೆಗೆ ನೀರು ತಿರುಗಿಸಿತು, ಹಳೆಯ ಹರಿವನ್ನು ಮುಂದುವರಿಸಲಿಲ್ಲ.

ಮಾಸ್ತರು: ಅದನ್ನು ಒಪ್ಪಬೇಕು. 1956ನ್ನು ಮಾಗೋಡು ಅಂದದ್ದು ನಾಲಿಗೆಯ ಚಪಲ. ಅದು ಕಾಲುವೆ ತೋಡಿ ನೀರು ತಿರುಗಿಸಿದ ಕೆಲಸ, ಅದಕ್ಕೆ ಬೇರೆಯೇ ಮಾತು ಬೇಕು. ಆದರೂ ನನ್ನ ವಾದದ ಅರ್ಧ ಉಳಿಯುತ್ತದೆ. ಆ ದಿನ ನಿರ್ಣಾಯಕ ಎಂದು ಎಲ್ಲರಿಗೂ ತಿಳಿದಿದ್ದರೆ, ಹಿಂದಿನ ಅಷ್ಟೂ ವರ್ಷದ ದುಡಿಮೆ ಅದನ್ನು ಮೊದಲೇ ತೀರ್ಮಾನಿಸಿತ್ತು ಎಂದೇ ಅರ್ಥ. ಇನ್ನೊಂದು ಉದಾಹರಣೆ ನೋಡು, ಇದರಲ್ಲಿ ಜಗಳವಿಲ್ಲ. 1959ರ ಮಾರ್ಚ್ 10ರಂದು ಲಾಸಾದಲ್ಲಿ ದಂಗೆ ಎದ್ದಿತು, ಅದೇ ತಿಂಗಳ ಕೊನೆಗೆ ದಲೈ ಲಾಮಾ ಭಾರತದ ಗಡಿ ದಾಟಿದರು. ಲೋಕದ ಪತ್ರಿಕೆಗಳೆಲ್ಲ ಅದನ್ನು ನಿರ್ಣಾಯಕ ಎಂದು ಬರೆದವು, ಸರಿಯಾಗಿಯೇ ಬರೆದವು. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ಟಿಬೆಟನ್ನರ ಕ್ಯಾಂಪ್ ಶುರುವಾದದ್ದು ಅಂಥ ಸುದ್ದಿಯಾಗಲಿಲ್ಲ. ಭೂಮಿ ಕೊಟ್ಟದ್ದು ಆಗಿನ ಮೈಸೂರು ಸರಕಾರ. ಬಂದವರು ಕಾಡು ಕಡಿದು ಜೋಳ ಹಾಕಿದರು. ಟಿಬೆಟಿನ ಮೂರು ಮಹಾವಿಹಾರಗಳಲ್ಲಿ ಗಾಂದೆನ್, ಡ್ರೆಪುಂಗ್ ಎರಡೂ ಬಂಗಾಳದ ಬಕ್ಸಾದಿಂದ ಎದ್ದು ಬಂದು ಇಲ್ಲೇ ಮತ್ತೆ ನೆಲೆಯೂರಿದವು. ಸೆರಾ ಬೈಲಕುಪ್ಪೆಗೆ ಹೋಯಿತು. ಇವತ್ತು ಹಿಮಾಲಯದ ಹಳ್ಳಿಗಳಿಂದ ಹುಡುಗರು ಬೌದ್ಧ ತರ್ಕ ಕಲಿಯಲಿಕ್ಕೆ ಮುಂಡಗೋಡಕ್ಕೆ ಬರುತ್ತಾರೆ. ಆ ವಿದ್ಯೆ ದೇಶಭ್ರಷ್ಟವಾಗಿಯೂ ಉಳಿಯಿತು ಎನ್ನುವುದಕ್ಕೆ ಗೆರೆ ಎಲ್ಲಿ ಎಳೆಯುತ್ತೀ? ದಂಗೆಯ ದಿನದಲ್ಲೋ, ಜೋಳ ಬಿತ್ತಿದ ವರ್ಷದಲ್ಲೋ?

ಪತ್ರಕರ್ತೆ: ಹಾಗಿದ್ದರೆ ಪತ್ರಿಕೆಯವರು ಈ ಮಾತನ್ನು ಬಳಸಲೇಬಾರದು. ನಾವು ಬರೆಯುವುದು ಇವತ್ತಿನದನ್ನು, ನೀವು ಕೇಳುವುದು ಐವತ್ತು ವರ್ಷ ಕಳೆದ ಮೇಲಿನದನ್ನು. ಇನ್ನೊಂದು ಪ್ರಶ್ನೆಯೂ ಇದೆ. ನೆಲದ ಮೇಲಿನ ಗೆರೆಯನ್ನು ಮಳೆ ಬರುವ ಮೊದಲೇ ಸರ್ವೆ ಮಾಡಿ ಹೇಳಬಹುದು. ಸಕಲೇಶಪುರದ ಕಡೆ, ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಕಲ್ಲನ್ನೇ ನೆಟ್ಟಿದ್ದಾರೆ, ಈ ಕಡೆ ಬಂಗಾಳ ಕೊಲ್ಲಿ, ಆ ಕಡೆ ಅರಬ್ಬೀ ಸಮುದ್ರ ಎಂದು. ನಿಂತವರಿಗೆ ಗೊತ್ತಾಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ.

ಮಾಸ್ತರು: ಒಳ್ಳೆಯ ಮಾತು. ಆ ಕಲ್ಲು ನೆಟ್ಟವರು ಏನು ಮಾಡಿದರು ಎಂದು ನೋಡು. ಜಲಪಾತದ ಸದ್ದು ಕೇಳಿಕೊಂಡು ಹೋಗಲಿಲ್ಲ, ಉಪಕರಣ ಹಿಡಿದು ಇಳಿಜಾರು ಅಳೆದರು. ಪತ್ರಕರ್ತರೂ ಅಳೆದು ಹೇಳುವುದಾದರೆ ಇವತ್ತೇ ಹೇಳಲಿ. ಮಹದಾಯಿ ನದಿ ನೀರಿನ ನ್ಯಾಯಮಂಡಳಿಯ ತೀರ್ಪು 2018ರ ಆಗಸ್ಟ್ 14ರಂದು ಬಂತು. ಕಳಸಾ, ಬಂಡೂರಿ ಹಳ್ಳಗಳೆರಡೂ ಕೂಡಿ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಿಕೊಳ್ಳಬಹುದು ಎಂದಿತು. ಅಂದು ಅದಕ್ಕೆ ಐತಿಹಾಸಿಕ ಎಂಬ ಪಟ್ಟ ಕಟ್ಟುವುದು ಸುಲಭವಿತ್ತು. ಅರಣ್ಯದ ಒಪ್ಪಿಗೆ, ವನ್ಯಜೀವಿ ಮಂಡಳಿಯ ಒಪ್ಪಿಗೆ, ಗೋವೆಯ ತಕರಾರು, ಇವುಗಳ ಇಳಿಜಾರು ಯಾವ ಕಡೆಗಿದೆ ಎಂದು ಅಳೆದಿದ್ದರೆ ಅಂದೇ ಬೇರೆ ಶೀರ್ಷಿಕೆ ಬರುತ್ತಿತ್ತು. ವರ್ಷಗಳು ಕಳೆದವು, ಆ ನೀರಿನ್ನೂ ಮಲಪ್ರಭೆಗೆ ಬಂದಿಲ್ಲ.

ಪತ್ರಕರ್ತೆ: ಅಳೆಯುವುದು ಎಂದರೆ ಏನು ಎಂದು ಸೂಪಾದ ಮೇಲೆ ತೋರಿಸಿ. ನನಗೆ ಈ ನುಡಿಗಟ್ಟಿನ ಮೇಲೆ ಇರುವ ದೊಡ್ಡ ತಕರಾರು ಅಲ್ಲಿಯದು. ಕಾಳಿ, ಪಾಂಡರಿ ಕೂಡುವಲ್ಲಿ ಸೂಪಾ ಎಂಬ ತಾಲ್ಲೂಕಿನ ಊರೇ ಇತ್ತು. ಅಣೆಕಟ್ಟು ಕಟ್ಟಿದರು, ಊರು ಮುಳುಗಿತು, ಜನರನ್ನು ರಾಮನಗರದ ಕಡೆಗೆ ಎಬ್ಬಿಸಿದರು, ತಾಲ್ಲೂಕಿನ ಹೆಸರೂ ಜೋಯಿಡಾ ಆಯಿತು. ನೀವು ಇದನ್ನು ಇಳಿಜಾರು, ಗೆರೆ, ಹನಿ ಎಂದು ವಿವರಿಸಿದರೆ ಮಾಡಿದವರ ಕೈ ತೊಳೆದಂತೆ. ಹನಿ ತಾನಾಗಿ ಬೀಳುತ್ತದೆ, ಅಣೆಕಟ್ಟು ತಾನಾಗಿ ಏಳುವುದಿಲ್ಲ.

ಮಾಸ್ತರು: ಈ ತಕರಾರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರ ಹೇಳುತ್ತೇನೆ. ಸೂಪಾವನ್ನು ಒಂಟಿಯಾಗಿ ನೋಡಬೇಡ, ಬೇಡ್ತಿಯ ಪಕ್ಕದಲ್ಲಿ ಇಟ್ಟು ನೋಡು. ಕಾಳಿ, ಬೇಡ್ತಿ ಎರಡೂ ಒಂದೇ ಜಿಲ್ಲೆಯ ನದಿ, ಎರಡೂ ಘಟ್ಟದಿಂದ ಕಡಿದಾಗಿ ಇಳಿಯುತ್ತವೆ, ಎರಡರ ಮೇಲೂ ವಿದ್ಯುತ್ತಿನ ಕಣ್ಣು ಬಿತ್ತು. ಕಾಳಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಅದರ ಹಿಂದೆ ನಿಲ್ಲುವ ನೀರು ಸುಮಾರು 145 ಟಿಎಂಸಿ. ಬುಡದಲ್ಲೇ ಇರುವ ವಿದ್ಯುದಾಗಾರ ಬರೀ 100 ಮೆಗಾವಾಟಿನದು. ನಿಜವಾದ ಫಲ ಕೆಳಗೆ, ಬೊಮ್ಮನಹಳ್ಳಿಯಿಂದ ನೀರು ಇಳಿದು ಟರ್ಬೈನು ತಿರುಗಿಸುವ ನಾಗಝರಿ ವಿದ್ಯುದಾಗಾರದಲ್ಲಿ. ಸೂಪಾ ಮುಳುಗಿದ್ದು ಮುಖ್ಯವಾಗಿ ನಾಗಝರಿಗೆ ವರ್ಷವಿಡೀ ನೀರು ಸಿಗಲಿ ಎಂದು, ಆಮೇಲೆ ಕೊಡಸಳ್ಳಿ, ಕದ್ರಾಗಳಿಗೂ. ಇತ್ತ ಬೇಡ್ತಿಯ ಮೇಲೆ 210 ಮೆಗಾವಾಟಿನ ಯೋಜನೆ ಬಂತು. 1981ರ ಆರಂಭದಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರ ಬಲ್ಲವರು, ತೋಟಿಗರು ಒಟ್ಟಿಗೆ ಕೂತು ಲಾಭನಷ್ಟದ ಲೆಕ್ಕ ಹಾಕಿದರು, ಮುಳುಗುವ ಕಾಡಿನ, ಅಡಿಕೆ ತೋಟದ ಬೆಲೆಯನ್ನೂ ಸೇರಿಸಿ. ಯೋಜನೆ ಮೂಲೆಗೆ ಹೋಯಿತು. ಎರಡು ನದಿಗಳ ಹಣೆಬರಹ ಬೇರೆಯಾದದ್ದು ಎಲ್ಲಿ? ಶಿರಸಿಯ ಆ ಸಭೆಯಲ್ಲಿ ಎಂದು ಬರೆಯುತ್ತಾರೆ. ಸಭೆ ದೊಡ್ಡದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಅಂಥ ಸಭೆ ಕರೆಯುವ ತಾಕತ್ತು ಎಲ್ಲಿಂದ ಬಂತು? ಅಡಿಕೆ ಬೆಳೆಗಾರರ ಬೆನ್ನಿಗೆ ತೋಟಗಾರ್ಸ್ ಸೊಸೈಟಿ ಇತ್ತು. ದಶಕಗಳಿಂದ ವ್ಯಾಪಾರದ ಲೆಕ್ಕ ಇಟ್ಟು ಪಳಗಿದ ಕೈ ಅದು. ಓದಿದ ಮಕ್ಕಳಿದ್ದರು, ಅರ್ಜಿ ಬರೆಯುವ ಭಾಷೆ ಇತ್ತು. ಹೊತ್ತೂ ಕೂಡಿಬಂತು, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಿತ್ತು. ಕಾಳಿಯ ಯೋಜನೆ ಇದಕ್ಕೆ ಎಷ್ಟೋ ಮೊದಲೇ ಹೊರಟಿತ್ತು. ಕಾಡಿನಲ್ಲಿ ಚದುರಿದ ಕುಣಬಿಗಳು, ಗೌಳಿಗಳು, ಕೊಂಕಣಿ, ಮರಾಠಿ ಆಡುವ ಸಣ್ಣ ರೈತರು, ಇವರ ಬೆನ್ನಿಗೆ ಅಂಥ ಸೊಸೈಟಿ ಇರಲಿಲ್ಲ. ಹೀಗಾಗಿ ನಾನು ಗೆರೆಯನ್ನು 1981ರಲ್ಲಿ ಎಳೆಯುವುದಿಲ್ಲ. ಯಾವ ಊರಿನಲ್ಲಿ ಸಹಕಾರಿ ಸಂಘ ಹುಟ್ಟಿತು, ಯಾವ ಊರಿನಲ್ಲಿ ಹುಟ್ಟಲಿಲ್ಲ ಎಂಬಲ್ಲಿ ಎಳೆಯುತ್ತೇನೆ. ಅದು ಯಾವ ಪತ್ರಿಕೆಯ ಮುಖಪುಟಕ್ಕೂ ಬಂದ ಸುದ್ದಿಯಲ್ಲ.

ಪತ್ರಕರ್ತೆ: ಇದರಲ್ಲೂ ಅದೇ ತೊಡಕು. ಸೊಸೈಟಿ ಇಲ್ಲದವರು ಮುಳುಗಿದರು ಎಂದರೆ ತಪ್ಪು ಇಲ್ಲದವರದಾಗುತ್ತದೆ. ಮುಳುಗಿಸುವ ಕಾಗದಕ್ಕೆ ಸಹಿ ಹಾಕಿದವರಿಗೆ ಅರಿವು ಇತ್ತು. ನೀವೇ ಹೇಳಿದ ಪ್ರಕಾರ ಅದು ರೂಬಿಕಾನ್.

ಮಾಸ್ತರು: ಹೌದು, ಸಹಿ ಹಾಕಿದವರ ಮಟ್ಟಿಗೆ ಅದು ರೂಬಿಕಾನೇ. ಈ ನುಡಿಗಟ್ಟಿನ ಅಪಾಯವೂ ಅದೇ, ಮನುಷ್ಯರ ಕೆಲಸಕ್ಕೆ ಪ್ರಕೃತಿಯ ಬಣ್ಣ ಬಳಿದುಬಿಡುತ್ತದೆ. ನಮ್ಮ ‘ಘಟ್ಟ’ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬರಬಹುದು. ನಮ್ಮ ಕಡೆ ಘಟ್ಟವನ್ನು ಹತ್ತುತ್ತಾರೆ, ಇಳಿಯುತ್ತಾರೆ. ಹತ್ತುವವರು ಯಾರು, ಹೊರೆ ಯಾರ ತಲೆಯ ಮೇಲೆ ಎನ್ನುವ ಪ್ರಶ್ನೆ ಅದರೊಳಗೇ ಇದೆ. ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರಿಗೆ ಕಾಡಿನ ಏರು ಏನೆಂದು ಎತ್ತಿನ ಉಸಿರಿನಿಂದಲೇ ಗೊತ್ತು. ‘ನಿರ್ಣಾಯಕ ಘಟ್ಟ’ ಎಂದರೆ ಯಾರೋ ಕಷ್ಟಪಟ್ಟು ಏರುತ್ತಿರುವ, ಜಾರಿದರೆ ಜವಾಬ್ದಾರಿ ಇರುವ ಹೊತ್ತು. ಸಹಿ, ಹೋರಾಟ, ಮತದಾನ, ಇವುಗಳಿಗೆ ಅದು ಸರಿ. ಯಾರ ಗಮನಕ್ಕೂ ಬಾರದೆ ಮುಂದಿನದನ್ನೆಲ್ಲ ಬೇರೆ ಕಡೆಗೆ ಹರಿಸಿಬಿಟ್ಟ ಸಣ್ಣ ಏರಿಳಿತಕ್ಕೆ ವಾಟರ್‌ಶೆಡ್ ಸರಿ. ಒಂದರ ಜಾಗದಲ್ಲಿ ಇನ್ನೊಂದು ಬಂದಾಗಲೆಲ್ಲ ಯಾರೋ ಒಬ್ಬರು ಜವಾಬ್ದಾರಿಯಿಂದ ಪಾರಾಗುತ್ತಾರೆ, ಇಲ್ಲವೇ ಯಾರೋ ಒಬ್ಬರು ಮಾಡದ ಕೆಲಸಕ್ಕೆ ಹಾರ ಹಾಕಿಸಿಕೊಳ್ಳುತ್ತಾರೆ.

ಪತ್ರಕರ್ತೆ: ಇನ್ನು ನನ್ನ ಲೇಖನ. ಬೇಡ್ತಿ–ವರದಾ ಯೋಜನೆ ನಿಮ್ಮ ರೂಪಕವನ್ನೇ ಬುಡಮೇಲು ಮಾಡುತ್ತದೆ. ಪಶ್ಚಿಮಕ್ಕೆ ಹೋಗುವ ನೀರನ್ನು ಎತ್ತಿ, ಗೆರೆ ದಾಟಿಸಿ, ಪೂರ್ವಕ್ಕೆ ಹರಿಸುವುದೇ ಅದರ ಉದ್ದೇಶ. ಗೆರೆಯನ್ನು ದಾಟಿಸಬಹುದಾದರೆ ನಿರ್ಣಾಯಕ ಎನ್ನುವುದಕ್ಕೆ ಅರ್ಥವೇನು ಉಳಿಯಿತು?

ಮಾಸ್ತರು: ದಾಟಿಸಬಹುದು. ಇಳಿಯುವ ನೀರಿಗೆ ಖರ್ಚಿಲ್ಲ, ಏರಿಸುವ ನೀರಿಗೆ ಪಂಪು ಬೇಕು, ಕರೆಂಟು ಬೇಕು, ಪೈಪಿನ ದಾರಿಗೆ ಕಾಡು ಬೇಕು, ಅದೂ ಪ್ರತಿ ವರ್ಷ, ಪಂಪು ಓಡುವಷ್ಟು ಕಾಲ. ನಿರ್ಣಾಯಕ ಎಂದರೆ ಬದಲಿಸಲಾಗದ್ದು ಎಂದು ನಾನು ಹೇಳಿಯೇ ಇಲ್ಲ. ಬದಲಿಸುವುದಕ್ಕೆ ದುಡ್ಡು ಬೀಳುತ್ತದೆ, ಆ ದುಡ್ಡು ಕೊಡುವವರು ಯಾರು ಎಂದು ಕೇಳಬೇಕು, ಅಷ್ಟೇ. ನದಿಯಿಂದ ನದಿಗೆ ಕರೆಂಟಿನ ಲೆಕ್ಕವೂ ಸೇರಿಕೊಂಡಿದೆ. ಘಟ್ಟ ಇಳಿಯುವ ಕಾಳಿಯಿಂದ ತೆಗೆದ ವಿದ್ಯುತ್ತು ಬೇಡ್ತಿಯನ್ನು ಮೇಲೆತ್ತಲಿಕ್ಕೆ ಖರ್ಚಾದರೂ ಆಶ್ಚರ್ಯವಿಲ್ಲ.

ಪತ್ರಕರ್ತೆ: ಶಿರಸಿ, ಯಲ್ಲಾಪುರದವರು ಇದು ಬೇಡ ಎನ್ನುತ್ತಾರೆ, ಹಾವೇರಿಯ ಕಡೆಯವರು ಬೇಕು ಎನ್ನುತ್ತಾರೆ. ಮುಂಡಗೋಡ ತಾಲ್ಲೂಕಿನಲ್ಲಿ ಎರಡೂ ಕಡೆಗೆ ಹರಿಯುವ ಹಳ್ಳಗಳಿವೆ. ಇಬ್ಬರೂ ಕೆಳಗಿನವರೇ, ಬೇರೆ ಬೇರೆ ನದಿಯ ಕೆಳಗಿನವರು. ಗೆರೆಯನ್ನು ಗುರುತಿಸುವ ಹಕ್ಕು ಕೆಳಗಿನವರದು ಎಂದಿರಿ. ಯಾವ ಕೆಳಗಿನವರದು?

ಮಾಸ್ತರು: ಇಬ್ಬರದೂ. ನಿನ್ನ ಕರಡಿನಲ್ಲಿ ಶಿರಸಿಯವರ ಮಾತೇ ತುಂಬಿದ್ದರೆ ಹಾನಗಲ್ಲಿಗೂ ಒಮ್ಮೆ ಹೋಗಿ ಬಾ. ಅಲ್ಲಿಯ ಕೆರೆಗಳಲ್ಲಿ ಯುಗಾದಿಯ ಹೊತ್ತಿಗೆ ನೀರೆಷ್ಟು ಉಳಿಯುತ್ತದೆ, ಹೂಳು ತೆಗೆಸಿ ಎಷ್ಟು ಕಾಲವಾಯಿತು ಎಂದು ಕೇಳು. ಅವರಿಗೆ ಬೇಡ್ತಿಯೇ ಬೇಕೋ, ಧರ್ಮಾ ಕಾಲುವೆ ದುರಸ್ತಿಯಾದರೆ ಸಾಕೋ ಎನ್ನುವುದನ್ನು ಅವರ ಬಾಯಿಂದಲೇ ಕೇಳಬೇಕು.

ಪತ್ರಕರ್ತೆ: ಹೋಗುತ್ತೇನೆ. ಶೀರ್ಷಿಕೆಯಲ್ಲಿ ಕ್ಷಣವೂ ಬೇಡ, ಘಟ್ಟವೂ ಬೇಡ. ‘ಬೇಡ್ತಿ–ವರದಾ: ಎತ್ತುವ ಖರ್ಚು ಯಾರದು?’ ಎಂದು ಇಡುತ್ತೇನೆ. ಡೆಸ್ಕಿನವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ.